ಇಂಗ್ಲಿಷ್ ನಿಘಂಟಿನಲ್ಲಿ ನಮ್ಮೂರಿನ ಮೂರಕ್ಷರ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಬಳಗದವರು ಕೇಳಿದರು. ಕಲ್ಯದ ಇತಿಹಾಸ ಎಂದರೆ ಎಲ್ಲರೂ ಮೊದಲು ಹೇಳುವುದು ಬುಕ್ಕರಾಯನ ಕಾಲದ ಶಾಸನವನ್ನು. ನಾನೂ ಆ ಶಾಸನಕ್ಕೆ ಬರುತ್ತೇನೆ. ಆದರೆ ಇಲ್ಲಿ ಓದಿ, ಮುಂದೆ ಬೇರೆ ಬೇರೆ ಊರುಗಳ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನನಗೆ ಗೊತ್ತಿರುವ ದಾರಿ ನಿಘಂಟಿನ ದಾರಿ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ಬರುವ ಕೆ, ಎ, ಎಲ್ ಎಂಬ ಮೂರು ಅಕ್ಷರಗಳನ್ನು ಹಿಡಿದು, ಅದೇ ಮೂರು ಅಕ್ಷರಗಳಿಂದ ಶುರುವಾಗುವ ಇಂಗ್ಲಿಷಿನ ಅಪರೂಪದ ಪದಗಳ ಕಥೆಯನ್ನು ಹೇಳಿ, ಅಲ್ಲಿಂದ ಶಾಸನದ ಕಲ್ಲಿಗೆ ಬರುತ್ತೇನೆ.

ನಮ್ಮ ಕಾಲದಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳ ಪರಿಚಯವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಪಾಠದ ಕೊನೆಯ ಕಠಿಣ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದೇ ಇಂಗ್ಲಿಷ್ ಕಲಿಕೆ ಎಂದು ತಿಳಿದಿದ್ದೆವು. ಮನೆಯಲ್ಲಿ ಕೇಳೋಣವೆಂದರೆ ಹೇಳುವವರಿರಲಿಲ್ಲ, ನಿಘಂಟೂ ಇರಲಿಲ್ಲ. 2007-08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಆದರೂ ಹತ್ತನೆಯ ತರಗತಿಯ ಮಕ್ಕಳ ಮುಖದಲ್ಲಿ ಆ ಹಳೆಯ ಹೆದರಿಕೆಯನ್ನು ನಾನು ನಿವೃತ್ತನಾಗುವವರೆಗೂ ನೋಡಿದ್ದೇನೆ. ಇಂಗ್ಲಿಷ್ ಬಲ್ಲವರು ಅದನ್ನು ಹುಟ್ಟಿನಿಂದಲೇ ಬಲ್ಲರು, ಹಳ್ಳಿಯಲ್ಲಿ ಹುಟ್ಟಿದ ನಮಗೆ ಅದು ದಕ್ಕುವುದಲ್ಲ ಎಂಬ ಭಾವನೆಯೇ ಆ ಹೆದರಿಕೆಯ ಬೇರು. ಇತಿಹಾಸ ಹೇಳುವುದು ಬೇರೆ.

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು ಅಚ್ಚಾದದ್ದು 1604ರಲ್ಲಿ. ಅದನ್ನು ಸಿದ್ಧಪಡಿಸಿದ ರಾಬರ್ಟ್ ಕಾಡ್ರಿ ಹಿಂದೆ ಶಾಲಾ ಉಪಾಧ್ಯಾಯನೂ ಪಾದ್ರಿಯೂ ಆಗಿದ್ದವನು. ಅದರಲ್ಲಿ ಇದ್ದದ್ದು ಸುಮಾರು 2,500 ಪದಗಳು, ಎಲ್ಲವೂ ಕಠಿಣ ಪದಗಳೇ. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳಿಂದ ಇಂಗ್ಲಿಷಿಗೆ ಬಂದ ಈ ಪದಗಳ ಅರ್ಥ ಇಂಗ್ಲೆಂಡಿನ ಜನಕ್ಕೇ ತಿಳಿಯದೆ ಹೋದದ್ದರಿಂದ ಆತ ಆ ಪುಸ್ತಕ ಬರೆಯಬೇಕಾಯಿತು. ಇನ್ನೂ ಸ್ವಾರಸ್ಯದ ಸಂಗತಿ ಅದರ ಮುನ್ನುಡಿಯಲ್ಲಿದೆ. ಪದವನ್ನು ಹುಡುಕಬೇಕಾದರೆ ಮೊದಲು ಅಕ್ಷರಮಾಲೆಯನ್ನು ಕ್ರಮವಾಗಿ ಕಲಿಯಿರಿ; ಮೊದಲ ಅಕ್ಷರ ನೋಡಿ, ಆಮೇಲೆ ಎರಡನೆಯದನ್ನು ನೋಡಿ ಎಂದು ಆತ ಓದುಗರಿಗೆ ಬಿಡಿಸಿ ಹೇಳಿಕೊಡುತ್ತಾನೆ. ನಾವು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುವ ಪಾಠವನ್ನು ಆತ ನಾಲ್ಕು ನೂರು ವರ್ಷಗಳ ಹಿಂದೆ ಇಂಗ್ಲಿಷ್ ಮಾತನಾಡುವ ದೊಡ್ಡವರಿಗೆ ಹೇಳಿದ್ದ.

ಕನ್ನಡದಲ್ಲಿ ಕಠಿಣ ಪದಗಳಿಗೆ ಅರ್ಥ ಹೇಳುವ ಕೆಲಸ ಇದಕ್ಕಿಂತ ಬಹಳ ಹಿಂದಿನದು. ಹತ್ತನೆಯ ಶತಮಾನದ ಕವಿ ರನ್ನನ ಹೆಸರಿನಲ್ಲಿರುವ ‘ರನ್ನಕಂದ’ದ ಕೆಲವು ಪದ್ಯಗಳು ಉಳಿದುಬಂದಿವೆ. ಹದಿನಾರನೆಯ ಶತಮಾನದಲ್ಲಿ ಲಿಂಗಮಂತ್ರಿ ‘ಕಬ್ಬಿಗರ ಕೈಪಿಡಿ’ ಬರೆದ. ಇವೆಲ್ಲ ಪದ್ಯರೂಪದ ನಿಘಂಟುಗಳು; ಪುಟ ತಿರುವಿ ಹುಡುಕುವುದಕ್ಕಿಂತ ಕಂಠಪಾಠ ಮಾಡಲು ಅನುಕೂಲವಾದವು. ಸಂಸ್ಕೃತದ ಅಮರಕೋಶದಲ್ಲೂ ಪದಗಳು ವಿಷಯದ ಪ್ರಕಾರ ಕೂತಿವೆ. ದೇವತೆಗಳ ಹೆಸರು ಒಂದು ಕಡೆ, ನೀರಿಗೆ ಸಂಬಂಧಿಸಿದ್ದು ಒಂದು ಕಡೆ, ಗಿಡಮರಗಳದ್ದು ಒಂದು ಕಡೆ. ಅಲ್ಲಿ ಅಕ್ಕಪಕ್ಕದ ಪದಗಳಿಗೆ ಅರ್ಥದ ಸಂಬಂಧ ಇದ್ದೇ ಇರುತ್ತದೆ.

ವಿಲಿಯಂ ರೀವ್ ಎಂಬ ಮಿಷನರಿಯ ಇಂಗ್ಲಿಷ್-ಕರ್ಣಾಟಕ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಈ ಹೊಸ ನಿಘಂಟುಗಳು ಅಕ್ಷರ ಕ್ರಮದವು. ಇವುಗಳಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಪದಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಹುಡುಕಲು ಇದು ಬಲು ಅನುಕೂಲ. ಆದರೆ ಇದರಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟುತ್ತದೆ. ಅಕ್ಕಪಕ್ಕ ಕೂತ ಪದಗಳು ನೆಂಟರೆಂದು ಮಕ್ಕಳು ತಿಳಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಮಂಜುನಾಥ, ಮಂಜುಳಾ, ಮಂಜೇಗೌಡ ಒಂದರ ಕೆಳಗೊಂದು ಬಂದ ಮಾತ್ರಕ್ಕೆ ಅವರು ಒಂದೇ ಮನೆಯವರಾಗುತ್ತಾರೆಯೇ? ಯಾರ ಮನೆ ಯಾವುದು ಎಂದು ಬೇರೆಯಾಗಿಯೇ ಕೇಳಬೇಕು. ಪದಗಳ ವಿಷಯದಲ್ಲೂ ಹಾಗೆಯೇ.

ಈಗ ಕೆ, ಎ, ಎಲ್ ಇರುವ ಪುಟಕ್ಕೆ ಬರೋಣ. ಇಂಗ್ಲಿಷಿನ ಅತಿ ದೊಡ್ಡ ನಿಘಂಟಾದ ಆಕ್ಸ್‌ಫರ್ಡ್ ನಿಘಂಟಿನ ಮುಖ್ಯ ಸಂಪಾದಕ ಜೇಮ್ಸ್ ಮರ್ರೆ. ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ದರ್ಜಿಯ ಮಗನಾಗಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ತಾನೇ ಓದಿಕೊಂಡು ಶಾಲಾ ಮಾಸ್ತರನಾದವನು. ಎಚ್ ಅಕ್ಷರದಿಂದ ಕೆ ವರೆಗಿನ ಪದಗಳ ಸಂಪುಟ 1901ರಲ್ಲಿ ಮುಗಿಯಿತು. ಅದರಲ್ಲಿ ಕೆ ಭಾಗವನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಳೆಯ ಇಂಗ್ಲಿಷಿನವರು ‘ಕ’ ಧ್ವನಿಗೆ ಹೆಚ್ಚಾಗಿ ಸಿ ಅಕ್ಷರವನ್ನೇ ಬಳಸುತ್ತಿದ್ದರು. ಲ್ಯಾಟಿನ್ನಿನವರೂ ಕೆ ಅಕ್ಷರವನ್ನು ಬಹುಪಾಲು ಬಿಟ್ಟುಬಿಟ್ಟಿದ್ದರು. ಹಾಗಾಗಿ ಕೆ ಮತ್ತು ಎ ಜೊತೆಯಾಗಿ ಬರುವ ಪದಗಳಲ್ಲಿ ಹೆಚ್ಚಿನವು ಗ್ರೀಕ್, ಅರಬ್ಬಿ, ಸಂಸ್ಕೃತ, ಮಲಯ, ಚೀನೀ ಮುಂತಾದ ಭಾಷೆಗಳಿಂದ ಬಂದ ಅತಿಥಿಗಳು. ನಮ್ಮೂರಿನ ಮೂರಕ್ಷರದ ಪುಟದಲ್ಲಿ ಅಪ್ಪಟ ಇಂಗ್ಲಿಷ್ ಪದ ಸಿಗುವುದೇ ಕಷ್ಟ.

ಮೊದಲನೆಯದು ಕಲೈಡೋಸ್ಕೋಪ್. ಮೂರು ಕನ್ನಡಿ ಪಟ್ಟಿಗಳನ್ನು ತ್ರಿಕೋನವಾಗಿ ಜೋಡಿಸಿ, ಕೊಳವೆಯೊಳಗಿಟ್ಟು, ತುದಿಯಲ್ಲಿ ಬಳೆಚೂರು ಹಾಕಿ ತಿರುಗಿಸಿದರೆ ಹೂವಿನಂತಹ ಚಿತ್ತಾರ ಕಾಣುತ್ತದೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳು ಮಾಡಿ ತರುವ ಆಟಿಕೆ ಇದು. ಇದನ್ನು ಕಂಡುಹಿಡಿದು ಹೆಸರಿಟ್ಟವನು ಡೇವಿಡ್ ಬ್ರೂಸ್ಟರ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ. ಪೇಟೆಂಟ್ ಸಿಕ್ಕಿದ್ದು 1817ರಲ್ಲಿ. ಗ್ರೀಕ್ ಭಾಷೆಯಲ್ಲಿ ‘ಕಲೋಸ್’ ಎಂದರೆ ಚೆಲುವು, ‘ಐಡೋಸ್’ ಎಂದರೆ ರೂಪ, ‘ಸ್ಕೋಪ್’ ಭಾಗಕ್ಕೆ ನೋಡುವುದು ಎಂದರ್ಥ. ಚೆಲುವಾದ ರೂಪಗಳನ್ನು ನೋಡುವ ಸಾಧನ. ಇಷ್ಟು ತಿಳಿದ ಮಗುವಿಗೆ ಟೆಲಿಸ್ಕೋಪ್, ಮೈಕ್ರೋಸ್ಕೋಪ್, ಸ್ಟೆತೊಸ್ಕೋಪ್ ಎಂಬ ಪದಗಳ ಅರ್ಧ ಅರ್ಥ ಆಗಲೇ ಸಿಕ್ಕಿದ ಹಾಗೆ.

ಎರಡನೆಯದು ಕೇಲಿಯಂ. ಇದು ಪೊಟ್ಯಾಸಿಯಂ ಧಾತುವಿನ ಲ್ಯಾಟಿನ್ ಹೆಸರು. ಹೆಸರು ಪಿ ಅಕ್ಷರದಿಂದ ಶುರುವಾದರೂ ಅದರ ಸಂಕೇತ ಕೆ ಯಾಕೆ ಸಾರ್ ಎಂದು ಪ್ರತಿ ವರ್ಷ ಯಾವುದಾದರೂ ಒಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಬೂದಿಯಲ್ಲಿದೆ. ಅರಬ್ಬಿಯಲ್ಲಿ ಸುಟ್ಟ ಗಿಡಗಳ ಬೂದಿಗೆ ‘ಅಲ್ ಕಲಿ’ ಎಂಬ ಹೆಸರು. ಅದರಿಂದಲೇ ಕ್ಷಾರಕ್ಕೆ ಆಲ್ಕಲಿ ಎಂಬ ಹೆಸರು ಬಂತು, ಅದರಿಂದಲೇ ಕೇಲಿಯಂ. ಇಂಗ್ಲಿಷಿನವರು ಮಡಕೆಯಲ್ಲಿ ಬೂದಿನೀರು ಕಾಯಿಸಿ ಪಡೆದ ವಸ್ತುವನ್ನು ‘ಪಾಟ್ ಆಶ್’, ಅಂದರೆ ಮಡಕೆ ಬೂದಿ ಎಂದರು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ವಿದ್ಯುತ್ ಹಾಯಿಸಿ ಲೋಹವನ್ನು ಬೇರ್ಪಡಿಸಿದಾಗ ಪೊಟ್ಯಾಸಿಯಂ ಎಂದು ಕರೆದ. ಸ್ವೀಡನ್ನಿನ ಬರ್ಜೀಲಿಯಸ್ ಸಂಕೇತ ಕೊಡುವಾಗ ಕೇಲಿಯಂ ಹೆಸರಿನ ಕೆ ಅಕ್ಷರವನ್ನು ಆರಿಸಿದ. ನಮ್ಮ ರೈತರು ಸೊಸೈಟಿಯಿಂದ ಹೊತ್ತು ತರುವ ಗೊಬ್ಬರದ ಚೀಲದ ಮೇಲೆ ಎನ್‌ಪಿಕೆ ಎಂದು ಇರುತ್ತದಲ್ಲ, ಅದರಲ್ಲಿನ ಕೆ ಇದೇ. ಒಲೆಯ ಬೂದಿಯಿಂದ ಪಾತ್ರೆ ತಿಕ್ಕಿದ, ಅದೇ ಬೂದಿಯನ್ನು ತಿಪ್ಪೆಗೂ ಹೊಲಕ್ಕೂ ಹಾಕಿದ ನಮ್ಮ ತಾಯಂದಿರಿಗೆ ಈ ಪದದ ವಸ್ತು ಗೊತ್ತಿತ್ತು, ಅಕ್ಷರ ಮಾತ್ರ ಗೊತ್ತಿರಲಿಲ್ಲ.

ಮೂರನೆಯದು ಕಲಂಕೋಯಿ ಎಂಬ ಸಸ್ಯದ ಹೆಸರು. ನಿಘಂಟುಗಳು ಇದನ್ನು ಚೀನೀ ಮೂಲದ ಪದ ಎನ್ನುತ್ತವೆ. ಹೆಸರು ಕೇಳಿ ಹೆದರಬೇಕಾಗಿಲ್ಲ; ನಮ್ಮ ಹಿತ್ತಲಿನ ಕಾಡುಬಸಳೆ ಇದೇ ಜಾತಿಯ ಗಿಡ. ಎಲೆ ಕಿತ್ತು ನೆಲದ ಮೇಲೆ ಬಿಟ್ಟರೆ ಅಂಚಿನಲ್ಲಿ ಮರಿಗಿಡಗಳು ಮೂಡುತ್ತವೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬ್ರಯೋಫಿಲ್ಲಂ ಎಂದು ಓದುವುದೂ ಇದನ್ನೇ.

ಅದೇ ಪುಟದಲ್ಲಿ ಮನುಷ್ಯರ ಹೆಸರಿನಿಂದ ಹುಟ್ಟಿದ ಎರಡು ಪದಗಳಿವೆ. ಕ್ಯಾಲ್ಮಿಯಾ ಎಂಬುದು ಉತ್ತರ ಅಮೆರಿಕದ ಒಂದು ಹೂಗಿಡ. ಸಸ್ಯಗಳಿಗೆ ಎರಡು ಹೆಸರಿಡುವ ಪದ್ಧತಿ ತಂದ ಲಿನೇಯಸ್, ಅಲ್ಲಿಗೆ ಪ್ರವಾಸ ಹೋಗಿಬಂದ ತನ್ನ ಶಿಷ್ಯ ಪೆರ್ ಕಾಲ್ಮ್‌ನ ನೆನಪಿಗೆ ಅದಕ್ಕೆ ಆ ಹೆಸರಿಟ್ಟ. ಗುರು ಶಿಷ್ಯನ ಹೆಸರನ್ನು ಉಳಿಸಿದ ಪದ ಇದು. ಇನ್ನೊಂದು ಕಲಾಶ್ನಿಕೋವ್. ರಷ್ಯಾದ ಮಿಖಾಯಿಲ್ ಕಲಾಶ್ನಿಕೋವ್ ರೂಪಿಸಿದ ಬಂದೂಕು. ಎಕೆ-47 ಎಂಬಲ್ಲಿನ 47 ಎಂಬುದು 1947ನೆಯ ಇಸವಿ. ಒಂದು ಹೂವು, ಒಂದು ಬಂದೂಕು. ಕಾಗದದ ಮೇಲೆ ಇವೆರಡರ ನಡುವೆ ಬೆರಳಗಲದ ದೂರ.

ಕ್ಯಾಲೆಂಡ್ಸ್ ಎಂಬುದನ್ನು ಇಂಗ್ಲಿಷಿನಲ್ಲಿ ಈಗ ಸಿ ಅಕ್ಷರದಿಂದಲೂ ಬರೆಯುತ್ತಾರೆ. ಆದರೆ ಲ್ಯಾಟಿನ್ನಿನಲ್ಲಿ ಕೆ ಅಕ್ಷರವನ್ನು ಬಿಡದೆ ಉಳಿಸಿಕೊಂಡ ಕೆಲವೇ ಪದಗಳಲ್ಲಿ ಇದೊಂದು. ರೋಮನ್ನರಿಗೆ ತಿಂಗಳ ಮೊದಲ ದಿನ ಕ್ಯಾಲೆಂಡ್ಸ್. ಅಂದು ಪುರೋಹಿತರು ತಿಂಗಳ ಲೆಕ್ಕವನ್ನು ಕೂಗಿ ಹೇಳುತ್ತಿದ್ದರು. ಕೂಗು ಎಂಬ ಅರ್ಥದ ಧಾತುವಿನಿಂದಲೇ ಆ ಹೆಸರು. ಸಾಲದ ಬಡ್ಡಿ ಕೊಡಬೇಕಾದ ದಿನವೂ ಅದೇ. ಆ ಸಾಲದ ಲೆಕ್ಕದ ಪುಸ್ತಕದ ಹೆಸರೇ ಮುಂದೆ ಕ್ಯಾಲೆಂಡರ್ ಆಯಿತು. ಗ್ರೀಕರ ಪಂಚಾಂಗದಲ್ಲಿ ಕ್ಯಾಲೆಂಡ್ಸ್ ಇರಲಿಲ್ಲ. ಆದ್ದರಿಂದ ‘ಗ್ರೀಕರ ಕ್ಯಾಲೆಂಡ್ಸ್‌ಗೆ ಕೊಡುತ್ತೇನೆ’ ಎಂದರೆ ಎಂದಿಗೂ ಕೊಡುವುದಿಲ್ಲ ಎಂದರ್ಥ. ನಮ್ಮ ಹಳ್ಳಿಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ನಾಳೆಯ ಹಾಗೆ.

ಇನ್ನು ನಮ್ಮ ದೇಶದಿಂದಲೇ ಹೋದ ಪದಗಳು. ಕಲ್ಪ ಎಂಬುದು ಇಂಗ್ಲಿಷ್ ನಿಘಂಟಿನಲ್ಲಿದೆ; ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ. ಕಲಂಕಾರಿ ಇದೆ, ಶ್ರೀಕಾಳಹಸ್ತಿ ಮತ್ತು ಮಚಲೀಪಟ್ಟಣದ ಬಟ್ಟೆಯ ಚಿತ್ರಕಲೆ. ಕಲಂ ಎಂದರೆ ಅರಬ್ಬಿ, ಪಾರಸಿಗಳಲ್ಲಿ ಲೇಖನಿ. ಕಾಯಿದೆಯ ಇಂತಿಷ್ಟನೆಯ ಕಲಂ ಎಂದು ಪೊಲೀಸ್ ಠಾಣೆಯಲ್ಲೂ ಕೋರ್ಟಿನಲ್ಲೂ ಹೇಳುವ ಕಲಂ ಕೂಡ ಅದೇ. ಕಾಲಾ ಅಜಾರ್ ಎಂಬುದು ಬಿಹಾರ, ಬಂಗಾಳ, ಅಸ್ಸಾಮಿನ ಕಡೆ ಸಾವಿರಾರು ಬಡವರ ಜೀವ ತೆಗೆದ ಜ್ವರ. ಹೆಸರಿನ ಅರ್ಥ ಕಪ್ಪು ರೋಗ. ಅದರ ರೋಗಾಣುವನ್ನು 1903ರಲ್ಲಿ ಲೀಶ್ಮನ್ ಎಂಬ ವೈದ್ಯ ಇಂಗ್ಲೆಂಡಿನಿಂದಲೂ ಡೊನೊವನ್ ಎಂಬ ವೈದ್ಯ ಮದರಾಸಿನಿಂದಲೂ ಪ್ರಕಟಿಸಿದರು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ 1922ರಲ್ಲಿ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಪ್ರಕಟಿಸಿ ಅನೇಕ ಪ್ರಾಣ ಉಳಿಸಿದರು. ಇಂತಹ ಪದದ ಮುಂದೆ ‘ಒಂದು ಬಗೆಯ ಜ್ವರ’ ಎಂದಷ್ಟೇ ಬರೆದುಕೊಂಡರೆ ಎಷ್ಟೊಂದು ಕಳೆದುಕೊಂಡ ಹಾಗೆ!

ಕೊನೆಯದು ಕೇಲ್. ಎಲೆಕೋಸಿನ ಜಾತಿಯ ಸೊಪ್ಪು. ಮೂಲ ಲ್ಯಾಟಿನ್ನಿನ ‘ಕೌಲಿಸ್’, ಅಂದರೆ ದಂಟು. ಇದರ ನೆಂಟರು ಈ ಪುಟದಲ್ಲಿಲ್ಲ. ಹೂಕೋಸಿನ ಇಂಗ್ಲಿಷ್ ಹೆಸರಾದ ಕಾಲಿಫ್ಲವರ್ ಸಿ ಅಕ್ಷರದ ಪುಟದಲ್ಲಿದೆ. ನಾವು ನವಿಲುಕೋಸು ಎನ್ನುವುದರ ಹೆಸರು ನೋಲ್‌ಕೋಲ್ ಡಚ್ಚರಿಂದ ಬಂದು ಬೇರೆ ಪುಟದಲ್ಲಿದೆ. ಇವೆಲ್ಲ ಒಂದೇ ಬೇರಿನ ಚಿಗುರುಗಳು. ಹಾಗಾದರೆ ಪಕ್ಕದಲ್ಲಿ ಕೂತವರು ನೆಂಟರಲ್ಲ, ನೆಂಟರು ದೂರದ ಪುಟಗಳಲ್ಲಿದ್ದಾರೆ. ಅಕ್ಷರ ನೋಡಿ ಸಂಬಂಧ ಹೇಳಬಾರದು, ಚರಿತ್ರೆ ನೋಡಿ ಹೇಳಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಪಾಠ ಕಲಿ ಎನ್ನುವಾಗಿನ ‘ಕಲಿ’ ಮತ್ತು ಕಲಿಯುಗದ ‘ಕಲಿ’ ಬರಹದಲ್ಲಿ ಒಂದೇ. ಮೊದಲನೆಯದು ಕನ್ನಡದ್ದು, ಎರಡನೆಯದು ಸಂಸ್ಕೃತದ್ದು. ಚಿತ್ರಕಲೆಯ ‘ಕಲೆ’ ಸಂಸ್ಕೃತದಿಂದ ಬಂದದ್ದು, ಬಟ್ಟೆಯ ಮೇಲಿನ ‘ಕಲೆ’ ನಮ್ಮದೇ. ಇಂತಹ ಪ್ರಶ್ನೆಗಳಿಗೆ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಉತ್ತರ ಕೊಟ್ಟರು. ಮಂಡ್ಯದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ವೃತ್ತಿ ಆರಂಭಿಸಿದ ಅವರು 2021ರಲ್ಲಿ, ನೂರೇಳನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನಮ್ಮೂರಿನ ಹೆಸರು. ಸಂಸ್ಕೃತದಲ್ಲಿ ‘ಕಲ್ಯ’ ಎಂಬ ಪದವಿದೆ. ಆರೋಗ್ಯವಂತ ಎಂದೂ ಬೆಳಗಿನ ಜಾವ ಎಂದೂ ಅರ್ಥ. ಕಲ್ಯಾಣ ಎಂಬ ಪದವೂ ಕಿವಿಗೆ ಹತ್ತಿರ. ಕಲ್ಲು ಎಂಬ ಕನ್ನಡ ಪದವೂ ಇದೆ. ಅಕ್ಷರ ಕೂಡಿಬಂತೆಂದು ಇವುಗಳಲ್ಲಿ ಒಂದನ್ನು ಹಿಡಿದು ಊರಿನ ಹೆಸರಿಗೆ ಅರ್ಥ ಕಟ್ಟುವುದು ಸುಲಭ. ಆದರೆ ನಮ್ಮ ಕೈಯಲ್ಲಿ ದಾಖಲೆ ಇದೆ. 1368ರಲ್ಲಿ, ಶಕವರ್ಷ 1290ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಜೈನರು ವಿಜಯನಗರದ ಬುಕ್ಕರಾಯನಲ್ಲಿಗೆ ಹೋಗಿ ದೂರು ಕೊಟ್ಟರು. ಆ ಕಲ್ಲೆಹವೇ ಇಂದಿನ ಕಲ್ಯ. ಊರಿನ ಹೆಸರಿನ ಚರ್ಚೆ ಕಲ್ಲೆಹ ಎಂಬ ಆ ಹಳೆಯ ರೂಪದಿಂದ ಶುರುವಾಗಬೇಕೇ ಹೊರತು ಇಂದಿನ ನಾಮಫಲಕದ ಕಾಗುಣಿತದಿಂದ ಅಲ್ಲ.

ರಾಜ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರಿಗೆ ಹಿಂದಿನಿಂದ ಬಂದ ವಾದ್ಯ ಮತ್ತು ಕಲಶದ ಮರ್ಯಾದೆ ಮುಂದೆಯೂ ಸಲ್ಲಬೇಕೆಂದ. ಜೈನರ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಶ್ರವಣಬೆಳಗೊಳದಲ್ಲಿ ಇಪ್ಪತ್ತು ಜನ ಕಾವಲಿನವರನ್ನು ಇಟ್ಟು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳನ್ನು ಸರಿಪಡಿಸಬೇಕೆಂದು ಏರ್ಪಾಡಾಯಿತು. ಈ ಶಾಸನ ಶ್ರವಣಬೆಳಗೊಳದಲ್ಲೂ ಇದೆ, ನಮ್ಮ ಕಲ್ಯದಲ್ಲೂ ಇದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳ ನಡುವೆ ಇದನ್ನು ಅಚ್ಚು ಮಾಡಿಸಿದರು.

ಆ ಶಾಸನದಲ್ಲಿ ಜೈನರಿಗೆ ಭವ್ಯರು ಎಂದೂ ಶ್ರೀವೈಷ್ಣವರಿಗೆ ಭಕ್ತರು ಎಂದೂ ಹೇಳಿದೆ. ಎರಡೂ ಒಂದೇ ಅಕ್ಷರದಿಂದ ಶುರುವಾಗುವ ಪದಗಳು. ಇಂದಿನ ಅರ್ಥವನ್ನೇ ಹಿಡಿದು ಭವ್ಯ ಎಂದರೆ ದೊಡ್ಡದು, ವೈಭವದ್ದು ಎಂದು ಓದಿಕೊಂಡರೆ ಶಾಸನದ ತಿರುಳೇ ತಪ್ಪಿಹೋಗುತ್ತದೆ. ನಿಘಂಟನ್ನು ಸರಿಯಾಗಿ ನೋಡುವ ಅಭ್ಯಾಸ ಇಂಗ್ಲಿಷ್ ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ, ನಮ್ಮ ಊರಿನ ಕಲ್ಲನ್ನು ಓದುವುದಕ್ಕೂ ಬೇಕು.

ನನ್ನ ಜೊತೆ ಓದಿದವರಲ್ಲಿ ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ, ಇಂಗ್ಲಿಷ್ ಒಂದರಲ್ಲಿ ಉಳಿದು, ಅಲ್ಲಿಗೇ ಓದು ನಿಲ್ಲಿಸಿದವರಿದ್ದಾರೆ. ಅವರು ದಡ್ಡರಾಗಿರಲಿಲ್ಲ. ರಾಗಿ ಹೊಲಕ್ಕೆ ಯಾವ ಗೊಬ್ಬರ ಎಷ್ಟು, ಯಾವಾಗ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಚೀಲದ ಮೇಲಿನ ಕೆ ಅಕ್ಷರಕ್ಕೂ ಮನೆಯ ಒಲೆಯ ಬೂದಿಗೂ ಸಂಬಂಧವಿದೆ ಎಂದು ಯಾರಾದರೂ ಹೇಳಿದ್ದರೆ, ಆ ಭಾಷೆ ಅವರಿಗೆ ಅಷ್ಟು ಹೊರಗಿನದಾಗಿ ಕಾಣುತ್ತಿರಲಿಲ್ಲವೇನೋ. ಈಗ ಶಾಲೆಯಲ್ಲಿರುವ ಮಕ್ಕಳಿಗೆ ನನ್ನ ಮಾತು ಇಷ್ಟೆ. ಹೊಸ ಪದ ಎದುರಾದಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ಭಾಷೆಯಿಂದ ಬಂತು? ಇದರೊಳಗೆ ಎಷ್ಟು ತುಂಡುಗಳಿವೆ? ನಮ್ಮ ಮನೆ, ಹೊಲ, ಊರಿನಲ್ಲಿ ಇದಕ್ಕೆ ಹೊಂದುವ ವಸ್ತು ಯಾವುದು? ದಿನಕ್ಕೆ ಒಂದೇ ಪದವಾದರೂ ಸಾಕು. ಮೂರು ವರ್ಷದ ಪ್ರೌಢಶಾಲೆಯಲ್ಲಿ ಸಾವಿರ ಪದವಾಗುತ್ತದೆ, ಕಾಡ್ರಿಯ ನಿಘಂಟಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು.

ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ವಿನಂತಿ. ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂದಿರುವವರು, ಪದದ ಮೂಲವನ್ನೂ ತಿಳಿಸುವ ಒಂದೊಂದು ನಿಘಂಟನ್ನು ಪ್ರತಿ ತರಗತಿಗೂ ಕೊಡಿಸಿ. ಅದು ಮಕ್ಕಳ ಕೈಗೆ ಸಿಗುವಂತೆ ಮೇಜಿನ ಮೇಲೆಯೇ ಇರಲಿ. ಹಾಗೆಯೇ ವರ್ಷಕ್ಕೊಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಶಾಸನದ ಬಳಿಗೆ ಕರೆದೊಯ್ದು, ಅದರಲ್ಲಿ ಏನು ಬರೆದಿದೆ ಎಂದು ತಿಳಿದವರಿಂದ ಓದಿಸುವ ಪರಿಪಾಠ ಬೆಳೆಯಲಿ. ಕಲ್ಲೆಹದಿಂದ ಆರೂವರೆ ಶತಮಾನದ ಹಿಂದೆ ನ್ಯಾಯ ಕೇಳಲು ವಿಜಯನಗರದವರೆಗೆ ಹೋದವರು ಇದ್ದರು ಎಂದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.